ಜ್ವರ ಇಟ್ಟುಕೊಂಡು ಡ್ಯೂಟಿಗೆ ಬರುವವರ ಬಗ್ಗೆ

(ಮಲೆನಾಡಿನ ತಾಲ್ಲೂಕು ಆಸ್ಪತ್ರೆಯೊಂದರ ಸಿಬ್ಬಂದಿಯ ಎದುರು ಮೇ ಕೊನೆಯ ವಾರ ಆಡಿದ ಮಾತುಗಳ ಬರಹ ರೂಪ)

ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. 2015ರ ಫೆಬ್ರವರಿ. ಆಗ ನಾನು ಬೇರೆ ಊರಿನ ಒಂದು ಆಸ್ಪತ್ರೆಯಲ್ಲಿದ್ದೆ. ಎಚ್1ಎನ್1 ಎಂಬ ಫ್ಲೂ ದೇಶದ ತುಂಬ ಹರಡಿದ್ದ ವರ್ಷ ಅದು. ಪೇಪರ್ ತೆರೆದರೆ ದಿನಾ ಹಂದಿ ಜ್ವರದ ಸುದ್ದಿ. ವರ್ಷ ಮುಗಿಯುವಷ್ಟರಲ್ಲಿ ದೇಶದಲ್ಲಿ 42 ಸಾವಿರಕ್ಕೂ ಜಾಸ್ತಿ ಕೇಸು, ಹತ್ತಿರ ಹತ್ತಿರ 3,000 ಸಾವು ದಾಖಲಾಗಿದ್ದವು.

ಒಂದು ಸೋಮವಾರ ಬೆಳಿಗ್ಗೆ ಎದ್ದಾಗ ನನಗೆ ಮೈಕೈ ನೋವು, ಗಂಟಲು ಕೆರೆತ. ಥರ್ಮಾಮೀಟರ್ ಇಟ್ಟರೆ 101. ಒಂದು ಡೋಲೋ ನುಂಗಿ, ಬಿಸಿ ಕಾಫಿ ಕುಡಿದು ರೌಂಡ್ಸಿಗೆ ಹೋದೆ. ವಾರ್ಡಿನ ಸಿಸ್ಟರ್ ಒಬ್ಬರು ಮುಖ ನೋಡಿ, "ಸಾರ್, ಕಣ್ಣು ಕೆಂಪಾಗಿದೆ, ಮನೆಗೆ ಹೋಗಿ" ಅಂದರು. ನಾನು ನಕ್ಕು, "ನನಗೇನೂ ಆಗಲ್ಲ ಬಿಡಿ" ಅಂದೆ. ನಿಜ, ನನಗೇನೂ ಆಗಲಿಲ್ಲ. ನಾಲ್ಕು ದಿನಕ್ಕೆ ಸರಿಹೋದೆ.

ಅದೇ ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರಿದ್ದರು. ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ಬಂದು ಮಲಗಿದವರು, ಅಡ್ಮಿಟ್ ಆಗಿ ಹನ್ನೊಂದು ದಿನವಾಗಿತ್ತು. ಬುಧವಾರ ರಾತ್ರಿ ಅವರಿಗೆ ಜ್ವರ ಬಂತು. ಶುಕ್ರವಾರ ಉಸಿರಾಟ ಕಷ್ಟವಾಗಿ ಐಸಿಯುಗೆ ಹೋದರು. ಸ್ವಾಬ್ ಕಳಿಸಿದೆವು, ಎಚ್1ಎನ್1 ಪಾಸಿಟಿವ್. ಈಗ ಲೆಕ್ಕ ನೀವೇ ಹಾಕಿ. ಫ್ಲೂ ವೈರಸ್ ಮೈಗೆ ಹೊಕ್ಕ ಮೇಲೆ ಲಕ್ಷಣ ಕಾಣಿಸಲು ಒಂದರಿಂದ ನಾಲ್ಕು ದಿನ ಸಾಕು, ಸಾಮಾನ್ಯವಾಗಿ ಎರಡೇ ದಿನ. ಹನ್ನೊಂದು ದಿನದಿಂದ ಮಂಚ ಬಿಟ್ಟು ಏಳದ ಮನುಷ್ಯನಿಗೆ ಅದು ಮನೆಯಿಂದ ಬಂದಿರಲು ಸಾಧ್ಯವೇ ಇಲ್ಲ. ನಮ್ಮ ಕಟ್ಟಡದ ಒಳಗೇ, ಯಾರೋ ಅವರ ಮಂಚದ ಹತ್ತಿರಕ್ಕೆ ತಂದುಕೊಟ್ಟದ್ದು. ನಾನೇನಾ, ಇನ್ನೊಬ್ಬರಾ, ನೋಡಲು ಬಂದಿದ್ದ ಮೊಮ್ಮಗನಾ? ಹೇಳಲು ಆಗುವುದಿಲ್ಲ. ಅವರು ಮೂರು ವಾರ ಒದ್ದಾಡಿ ಬದುಕಿದರು. ಡಿಸ್ಚಾರ್ಜ್ ಆಗುವಾಗ ನನ್ನ ಕೈ ಹಿಡಿದು, "ನೀವು ದೇವರ ಹಾಗೆ" ಅಂದರು. ನನಗೆ ತಲೆ ಎತ್ತಲು ಆಗಲಿಲ್ಲ.

ಇವತ್ತು ನಿಮ್ಮ ಮುಂದೆ ಫ್ಲೂ ಲಸಿಕೆಯ ಬಗ್ಗೆ ಮಾತಾಡಲು ಕರೆದಿದ್ದಾರೆ. ಆದರೆ ಲಸಿಕೆಗೆ ಬರುವ ಮೊದಲು ಒಂದು ಪ್ರಶ್ನೆ. ಕಳೆದ ಒಂದು ವರ್ಷದಲ್ಲಿ ಜ್ವರ ಇಟ್ಟುಕೊಂಡು ಡ್ಯೂಟಿಗೆ ಬಂದವರು ಕೈ ಎತ್ತಿ ನೋಡೋಣ. ನೋಡಿ, ಮುಕ್ಕಾಲು ಹಾಲ್ ಎದ್ದಿತು. ಬಿಪಿ ನೋಡುವ ಸಿಸ್ಟರ್ ಎತ್ತಿದರು, ಲ್ಯಾಬಿನವರು ಎತ್ತಿದರು, ಆಂಬುಲೆನ್ಸ್ ಡ್ರೈವರ್ ಎರಡೂ ಕೈ ಎತ್ತಿದ್ದಾರೆ. ನಾನು ಬೈಯಲು ಕೇಳಿದ್ದಲ್ಲ. ಯಾಕೆ ಬಂದಿರಿ ಎಂದು ಕೇಳಿದರೆ ಕಾರಣ ನನಗೇ ಗೊತ್ತು. ಡಾಕ್ಟರಿಗೆ ಹಮ್ಮು. ಸಿಸ್ಟರಿಗೆ ತಾನು ಬರದಿದ್ದರೆ ಜೊತೆಯವರಿಗೆ ಡಬಲ್ ಶಿಫ್ಟ್ ಬೀಳುತ್ತದೆ ಎಂಬ ಸಂಕೋಚ. ಕಾಂಟ್ರ್ಯಾಕ್ಟ್ ಮೇಲಿರುವ ಆಯಾಗೆ? ಒಂದು ದಿನ ಬರದಿದ್ದರೆ ಆ ದಿನದ ಸಂಬಳ ಕಟ್. ಮೂರೂ ಬೇರೆ ಬೇರೆ ಕಾರಣ, ಮೂರಕ್ಕೂ ಒಂದೇ ಪೋಸ್ಟರ್ ಅಂಟಿಸಿದರೆ ಏನು ಪ್ರಯೋಜನ?

ಇನ್ನೊಂದು ತೊಡಕಿದೆ. ಜ್ವರ ಬಂದವರನ್ನೆಲ್ಲ ಮನೆಗೆ ಕಳಿಸಿದರೂ ಕೆಲಸ ಮುಗಿಯುವುದಿಲ್ಲ. ಫ್ಲೂ ಲಕ್ಷಣ ಕಾಣಿಸುವ ಒಂದು ದಿನ ಮೊದಲೇ ಹರಡಲು ಶುರುವಾಗುತ್ತದೆ. ಮೇಲಾಗಿ, ಎಷ್ಟೋ ಜನರಿಗೆ ಲಕ್ಷಣವೇ ಸರಿಯಾಗಿ ಕಾಣಿಸುವುದಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೊ ಊರಿನಲ್ಲಿ 1993-94ರ ಚಳಿಗಾಲದಲ್ಲಿ ಆಸ್ಪತ್ರೆ ಸಿಬ್ಬಂದಿ 518 ಜನರ ರಕ್ತವನ್ನು ಸೀಸನ್ನಿನ ಮೊದಲೊಮ್ಮೆ, ಆಮೇಲೊಮ್ಮೆ ಪರೀಕ್ಷೆ ಮಾಡಿದರು. ಅವರಲ್ಲಿ 120 ಜನರಿಗೆ, ಅಂದರೆ ಸುಮಾರು ನಾಲ್ಕರಲ್ಲಿ ಒಬ್ಬರಿಗೆ, ಆ ಸೀಸನ್ನಿನಲ್ಲಿ ಫ್ಲೂ ತಗಲಿತ್ತು. ಅವರನ್ನು ಕೂರಿಸಿ ಕೇಳಿದರೆ ನೂರಕ್ಕೆ 59 ಜನ ನಮಗೆ ಫ್ಲೂ ಬಂದ ನೆನಪೇ ಇಲ್ಲ ಅಂದರು. ನೂರಕ್ಕೆ 28 ಜನರಿಗೆ ಒಂದು ನೆಗಡಿ ಆದ ನೆನಪೂ ಇರಲಿಲ್ಲ. ಅವರೆಲ್ಲ ಆ ಚಳಿಗಾಲ ಪೂರ್ತಿ ವಾರ್ಡಿನಲ್ಲಿ ಓಡಾಡಿಕೊಂಡಿದ್ದವರೇ. "ನನಗೆ ಹತ್ತು ವರ್ಷದಿಂದ ಫ್ಲೂ ಬಂದಿಲ್ಲ, ನನಗ್ಯಾಕೆ ಇಂಜೆಕ್ಷನ್" ಎಂದು ಯಾರಾದರೂ ಅಂದಾಗ ನನಗೆ ಈ ಲೆಕ್ಕ ನೆನಪಾಗುತ್ತದೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ಫ್ಲೂ ಬರುವುದು ವೈರಸ್ಸಿನಿಂದ ಎಂದು ಪತ್ತೆಯಾದದ್ದು 1933ರಲ್ಲಿ, ಲಂಡನ್ನಿನಲ್ಲಿ. ಅಲ್ಲಿಯ ವಿಜ್ಞಾನಿಗಳು ರೋಗಿಯ ಗಂಟಲು ತೊಳೆದ ನೀರನ್ನು ಫೆರೆಟ್ ಎಂಬ ಪ್ರಾಣಿಯ ಮೂಗಿಗೆ ಹಾಕಿದರು. ನೋಡಲು ನಮ್ಮ ಮುಂಗುಸಿಯ ಹಾಗಿರುತ್ತದೆ. ಅದಕ್ಕೂ ಜ್ವರ ಬಂತು, ಸೀನಿತು. ಸರಿ, ಮನುಷ್ಯನಿಂದ ಪ್ರಾಣಿಗೆ ಹೋಯಿತು. ವಾಪಸ್ ಬರುತ್ತದಾ? ಮೂರು ವರ್ಷ ಆದಮೇಲೆ ಅದಕ್ಕೂ ಉತ್ತರ ಸಿಕ್ಕಿತು. ಪ್ರಯೋಗಾಲಯದಲ್ಲಿ ಒಂದು ಫೆರೆಟ್ ಸಂಶೋಧಕರೊಬ್ಬರ ಮುಖಕ್ಕೇ ಸೀನಿಬಿಟ್ಟಿತು. ಅವರು ಜ್ವರ ಬಂದು ಮಲಗಿದರು, ಅವರ ಗಂಟಲಿನಲ್ಲಿ ಅದೇ ವೈರಸ್ ಸಿಕ್ಕಿತು. ಒಂದು ಸೀನಿನಿಂದ ವಿಜ್ಞಾನದ ಒಂದು ಪೇಪರ್ ಹುಟ್ಟಿತು. ನಮ್ಮ ಒಪಿಡಿಯಲ್ಲಿ ದಿನಕ್ಕೆ ಎಷ್ಟು ಸೀನು ಮುಖಕ್ಕೆ ಬೀಳುತ್ತವೆ ಎಂದು ಎಣಿಸಿದವರಿಲ್ಲ.

ಲಸಿಕೆಗೆ ಬರೋಣ. ಇದನ್ನು ಪ್ರತಿ ವರ್ಷ ಯಾಕೆ ತಗೋಬೇಕು? ಪೋಲಿಯೋ ಹನಿಯ ಹಾಗೆ ಚಿಕ್ಕಂದಿನಲ್ಲಿ ಹಾಕಿ ಮುಗಿಸಬಾರದೇ? ನಿಮ್ಮ ಆಧಾರ್ ಕಾರ್ಡಿನ ಫೋಟೊ ನೋಡಿಕೊಳ್ಳಿ. ಹದಿನೈದು ವರ್ಷದ ಹಿಂದೆ ತೆಗೆದದ್ದು, ಈಗ ನೋಡಿದರೆ ನಮಗೇ ಅನುಮಾನ, ಅಲ್ವಾ? ಲಸಿಕೆ ಅಂದರೆ ನಮ್ಮ ಮೈಗೆ ವೈರಸ್ಸಿನ ಫೋಟೊ ತೋರಿಸಿ, ಇವನು ಬಂದರೆ ಒಳಗೆ ಬಿಡಬೇಡ ಅನ್ನುವುದು. ಫ್ಲೂ ವೈರಸ್ ವರ್ಷ ವರ್ಷಕ್ಕೂ ಮುಖವನ್ನು ಸ್ವಲ್ಪ ಸ್ವಲ್ಪ ಬದಲಿಸಿಕೊಳ್ಳುತ್ತದೆ. ಹಳೆಯ ಫೋಟೊ ಇಟ್ಟುಕೊಂಡು ಗೇಟಿನಲ್ಲಿ ನಿಂತವನಿಗೆ ಗುರುತೇ ಸಿಗುವುದಿಲ್ಲ. ಫೋಟೊ ಕೂಡ ವರ್ಷ ಕಳೆಯುತ್ತ ಮಸುಕಾಗುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯವರು ವರ್ಷಕ್ಕೆರಡು ಸಲ, ಫೆಬ್ರವರಿಯಲ್ಲೊಮ್ಮೆ ಸೆಪ್ಟೆಂಬರಿನಲ್ಲೊಮ್ಮೆ ಕೂತು, ಮುಂದಿನ ಸೀಸನ್ನಿಗೆ ಯಾವ ಯಾವ ತಳಿ ಲಸಿಕೆಯಲ್ಲಿ ಇರಬೇಕು ಎಂದು ತೀರ್ಮಾನ ಮಾಡುತ್ತಾರೆ.

ನಿಮ್ಮಲ್ಲಿ ಕೆಲವರು ಹಿಂದೆ ನಾಲ್ಕು ತಳಿಯ ಲಸಿಕೆ ತಗೊಂಡಿರಬಹುದು. ಎ ಗುಂಪಿನ ಎರಡು, ಎಚ್1ಎನ್1 ಮತ್ತು ಎಚ್3ಎನ್2. ಬಿ ಗುಂಪಿನ ಎರಡು, ವಿಕ್ಟೋರಿಯಾ ಮತ್ತು ಯಮಗಾಟಾ. ಈಗ ಮೂರಕ್ಕೆ ಇಳಿಸಲು ಹೇಳಿದ್ದಾರೆ. ಕಂಪನಿಯವರು ಜಿಪುಣರಾಗಿದ್ದಲ್ಲ. 2020ರ ಮಾರ್ಚ್ ಆದಮೇಲೆ ಯಮಗಾಟಾ ತಳಿ ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಸಿಕ್ಕಿಲ್ಲ. ಕೊರೊನಾ ಕಾಲದಲ್ಲಿ ನಾವು ಮಾಸ್ಕ್ ಹಾಕಿ ಮನೆಯಲ್ಲಿ ಕೂತಾಗ ಅದಕ್ಕೆ ಹೋಗಲು ಮೂಗೇ ಸಿಗಲಿಲ್ಲ ಎಂದು ಕಾಣುತ್ತದೆ. ಮಾಸ್ಕಿನಿಂದ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಇದನ್ನು ಹೇಳುವುದುಂಟು.

ಇನ್ನು ನಮ್ಮ ಕಾಲಮಾನ. ಫ್ಲೂ ಅಂದರೆ ಚಳಿಗಾಲದ ಕಾಯಿಲೆ ಎಂದು ಪುಸ್ತಕದಲ್ಲಿ ಓದಿದ್ದೇವೆ. ಅದು ಹಿಮ ಬೀಳುವ ದೇಶದ ಮಾತು. ನಮ್ಮಲ್ಲಿ ಎರಡು ಸಲ ಏಳುತ್ತದೆ. ಜನವರಿಯಿಂದ ಮಾರ್ಚಿನವರೆಗೆ ಒಂದು, ಮಳೆಗಾಲದಲ್ಲಿ ಇನ್ನೊಂದು. 2023ರಲ್ಲಿ ಎಚ್3ಎನ್2ನಿಂದ ದೇಶದಲ್ಲಿ ದಾಖಲಾದ ಮೊದಲ ಸಾವುಗಳಲ್ಲಿ ಒಂದು ನಮ್ಮ ಪಕ್ಕದ ಹಾಸನ ಜಿಲ್ಲೆಯದ್ದು, ಮಾರ್ಚ್ ತಿಂಗಳಲ್ಲಿ. ಮಳೆಗಾಲದ್ದು ನಿಮಗೆ ನಾನು ಹೇಳಬೇಕಾಗಿಲ್ಲ. ಜುಲೈಯಲ್ಲಿ ನಿಮ್ಮ ಒಪಿಡಿಯ ಸಾಲು ಎಲ್ಲಿಯವರೆಗೆ ಹೋಗುತ್ತದೆ ಎಂದು ನಿಮಗೇ ಗೊತ್ತು. ಇಂಜೆಕ್ಷನ್ ಚುಚ್ಚಿದ ಮೇಲೆ ಮೈ ತಯಾರಾಗಲು ಎರಡು ವಾರ ಬೇಕು. ಇನ್ನು ಹತ್ತು ದಿನಕ್ಕೆ ಮಳೆ ಹಿಡಿಯುತ್ತದೆ. ಹಾಗಾಗಿ ಈ ಮೀಟಿಂಗ್ ಮೇ ತಿಂಗಳಲ್ಲಿ. ನಿಜ ಹೇಳಬೇಕೆಂದರೆ ಏಪ್ರಿಲಿನಲ್ಲೇ ಆಗಬೇಕಿತ್ತು.

ಈಗ ಕಷ್ಟದ ಮಾತು. ಈ ಲಸಿಕೆ ಎಷ್ಟು ಕೆಲಸ ಮಾಡುತ್ತದೆ? ತಳಿ ಚೆನ್ನಾಗಿ ಹೊಂದಿದ ವರ್ಷ, ಫ್ಲೂ ಬಂದು ಡಾಕ್ಟರ ಹತ್ತಿರ ಹೋಗುವ ಸಂಭವವನ್ನು ನೂರಕ್ಕೆ 40ರಿಂದ 60ರಷ್ಟು ಕಡಿಮೆ ಮಾಡುತ್ತದೆ. ಹೊಂದದ ವರ್ಷ ಅದಕ್ಕಿಂತಲೂ ಕಡಿಮೆ. ಅಷ್ಟೇ. ದಡಾರದ ಲಸಿಕೆಯ ಹಾಗೆ ಗಟ್ಟಿ ಕವಚವಲ್ಲ ಇದು. "ಕಳೆದ ಸಲ ಚುಚ್ಚಿಸಿಕೊಂಡೆ, ಆದರೂ ಜ್ವರ ಬಂತು" ಎಂದು ಯಾರಾದರೂ ಹೇಳಿದರೆ ಅದು ಸುಳ್ಳಲ್ಲ. ಫ್ಲೂ ಬಂದಿರಬಹುದು. ಅಥವಾ ಫ್ಲೂ ಅಲ್ಲದ ಬೇರೆ ಹತ್ತಾರು ವೈರಸ್ಸುಗಳಲ್ಲಿ ಒಂದು ಬಂದಿರಬಹುದು, ಅವುಗಳ ಮೇಲೆ ಈ ಲಸಿಕೆಗೆ ಅಧಿಕಾರವೇ ಇಲ್ಲ.

ಇನ್ನೂ ಕಷ್ಟದ ಮಾತಿದೆ. ಸಿಬ್ಬಂದಿಗೆ ಲಸಿಕೆ ಹಾಕಿದರೆ ರೋಗಿಗಳ ಸಾವು ಕಡಿಮೆಯಾಗುತ್ತದಾ? ಗ್ಲಾಸ್ಗೊದಲ್ಲೇ ವಯಸ್ಸಾದವರನ್ನು ನೋಡಿಕೊಳ್ಳುವ 20 ಆಸ್ಪತ್ರೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಸಿಬ್ಬಂದಿಗೆ ಲಸಿಕೆ ಕೊಡಲು ಮುಂದಾದ ಕಡೆ ಸಾವು ನೂರಕ್ಕೆ 13.6, ಕೊಡದ ಕಡೆ 22.4. ಇದನ್ನು ಎಲ್ಲ ಭಾಷಣದಲ್ಲೂ ಹೇಳುತ್ತಾರೆ. 2017ರಲ್ಲಿ ಕೆನಡಾದ ಸಂಶೋಧಕರು ಮುಂದಾಗಿ ಇಂಥ ಪ್ರಯೋಗಗಳ ಲೆಕ್ಕವನ್ನು ಮತ್ತೆ ತಿರುವಿ ನೋಡಿದರು. ಲಸಿಕೆ ಇಷ್ಟು ಜನಕ್ಕೆ ಹಾಕಿ ಇಷ್ಟೊಂದು ಸಾವು ತಪ್ಪಲು ಗಣಿತದಲ್ಲೇ ಸಾಧ್ಯವಿಲ್ಲ ಎಂದರು. ಅವರ ವಾದದಲ್ಲಿ ಹುರುಳಿದೆ ಎಂದು ನನಗೂ ಅನ್ನಿಸಿದೆ. ಇದನ್ನು ನಿಮ್ಮಿಂದ ಮುಚ್ಚಿಟ್ಟು, "ಚುಚ್ಚಿಸಿಕೊಳ್ಳಿ, ಎಲ್ಲರೂ ಉಳಿಯುತ್ತಾರೆ" ಎಂದರೆ, ನಾಳೆ ನಿಮ್ಮ ಮೊಬೈಲಿನಲ್ಲಿ ಯಾರೋ ಕಳಿಸಿದ ವಿಡಿಯೊ ನೋಡಿ ನೀವು ನನ್ನ ಎಲ್ಲ ಮಾತನ್ನೂ ಕಸದ ಬುಟ್ಟಿಗೆ ಹಾಕುತ್ತೀರಿ.

ಹಾಗಾದರೆ ನಾನ್ಯಾಕೆ ವರ್ಷ ವರ್ಷ ಚುಚ್ಚಿಸಿಕೊಳ್ಳುತ್ತೇನೆ? ನೀವು ಮಲೆನಾಡಿನವರು. ಜುಲೈ ಮಳೆಗೆ ಕೊಡೆ ಹಿಡಿದರೆ ಮೊಣಕಾಲಿನಿಂದ ಕೆಳಗೆ ನೆನೆದೇ ನೆನೆಯುತ್ತದೆ. ಹಾಗಂತ ಕೊಡೆ ಮನೆಯಲ್ಲಿ ಬಿಟ್ಟು ಬರುತ್ತೀರಾ? ನನಗೆ ಫ್ಲೂ ಬರುವ ಸಂಭವ ಅರ್ಧಕ್ಕೆ ಇಳಿದರೆ, ನಾನದನ್ನು ಮಂಚದಿಂದ ಮಂಚಕ್ಕೆ ಹೊತ್ತುಕೊಂಡು ಹೋಗುವ ದಿನಗಳೂ ಇಳಿಯುತ್ತವೆ. ನನಗೆ ಅಷ್ಟು ಸಾಕು. ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ಕೇಂದ್ರ ಆರೋಗ್ಯ ಇಲಾಖೆಯೂ ಆರೋಗ್ಯ ಸಿಬ್ಬಂದಿಗೆ ಈ ಲಸಿಕೆ ಹಾಕಿ ಎಂದು ಹೇಳಿವೆ.

ಭಯಗಳ ಬಗ್ಗೆ. ಈ ಲಸಿಕೆಯಿಂದಲೇ ಫ್ಲೂ ಬರುತ್ತದಾ? ನಾವು ಕೊಡುವುದರಲ್ಲಿ ಸತ್ತ ವೈರಸ್ಸಿನ ಚೂರು ಮಾತ್ರ ಇರುತ್ತದೆ, ಅದಕ್ಕೆ ಹುಟ್ಟಿಬರುವ ಶಕ್ತಿ ಇಲ್ಲ. ತೋಳು ಒಂದೆರಡು ದಿನ ನೋಯುತ್ತದೆ, ಕೆಲವರಿಗೆ ಸಣ್ಣ ಜ್ವರ. ಇನ್ನೊಂದು ಪ್ರಶ್ನೆಯನ್ನು ಇಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆಮೇಲೆ ಕಾರಿಡಾರಿನಲ್ಲಿ ಮೆಲ್ಲಗೆ ಕೇಳುತ್ತಾರೆ: "ಸಾರ್, ಇದರಲ್ಲಿ ಮೊಟ್ಟೆ ಇದೆಯಂತೆ?" ಇದೆ, ಒಂದರ್ಥದಲ್ಲಿ. ಜಗತ್ತಿನ ಫ್ಲೂ ಲಸಿಕೆಯಲ್ಲಿ ಹೆಚ್ಚಿನ ಪಾಲು ಇವತ್ತಿಗೂ ಕೋಳಿಮೊಟ್ಟೆಯ ಒಳಗೆ ವೈರಸ್ ಬೆಳೆಸಿ, ಅದನ್ನು ಕೊಂದು, ಸೋಸಿ ಮಾಡುವುದು. ಮೊಟ್ಟೆಯ ಅಂಶ ಕಡೆಗೆ ಲವಲೇಶ ಉಳಿದಿರುತ್ತದೆ. ಮೊಟ್ಟೆ ಅಲರ್ಜಿ ಇದ್ದವರೂ ತಗೋಬಹುದು ಎಂದು ಈಗ ಹೇಳುತ್ತಾರೆ. ಮೊಟ್ಟೆ ತಿನ್ನದವರು ತಗೋಬೇಕಾ ಬೇಡವಾ ಎಂಬುದು ಅವರವರ ಮನಸ್ಸಿಗೆ ಬಿಟ್ಟದ್ದು. ನಮ್ಮ ಮನೆಯಲ್ಲೂ ಮೊಟ್ಟೆ ಒಳಗೆ ಬರುವುದಿಲ್ಲ, ನಾನು ಚುಚ್ಚಿಸಿಕೊಳ್ಳುತ್ತೇನೆ, ನನ್ನ ಹೆಂಡತಿಯೂ ಚುಚ್ಚಿಸಿಕೊಳ್ಳುತ್ತಾಳೆ. ನಮ್ಮ ಅಮ್ಮನಿಗೆ ಮಾತ್ರ ಈ ವಿಷಯ ಹೇಳಿಲ್ಲ.

ಗರ್ಭಿಣಿ ಸಿಬ್ಬಂದಿ ತಗೋಬಹುದು, ಯಾವ ತಿಂಗಳಾದರೂ ಸರಿ. ತಗೊಂಡರೆ ಮಗುವಿಗೂ ಲಾಭ. ಆರು ತಿಂಗಳ ಒಳಗಿನ ಮಗುವಿಗೆ ಈ ಲಸಿಕೆ ಹಾಕುವಂತಿಲ್ಲ, ತಾಯಿಯಿಂದ ಬಂದದ್ದೇ ಅದಕ್ಕೆ ರಕ್ಷಣೆ. ಹಿಂದೆ ಈ ಲಸಿಕೆಗೇ ತೀವ್ರ ಅಲರ್ಜಿ ಆದವರು ತಗೋಬಾರದು. ಲಸಿಕೆಯಾದ ಆರು ವಾರದೊಳಗೆ ಕೈಕಾಲು ಸೋತು ಗೀಯಾನ್ ಬಾರೆ ಎಂಬ ನರದ ಕಾಯಿಲೆ ಆದವರು ಮೊದಲು ನನ್ನ ಹತ್ತಿರ ಬನ್ನಿ. ಇವತ್ತು ಮೈ ಸುಡುತ್ತಿದ್ದರೆ ಮುಂದಿನ ವಾರ ತಗೊಳ್ಳಿ. ಇವತ್ತು ಮೈ ಸುಡುತ್ತಿದ್ದರೆ ಇಲ್ಲಿ ಕೂತಿರಲೂಬಾರದು, ಅದು ಬೇರೆ ಮಾತು.

ಸೂಜಿಯ ಭಯವನ್ನು ಕಂಡು ನಗಬೇಡಿ. ದಿನಕ್ಕೆ ಐವತ್ತು ಇಂಜೆಕ್ಷನ್ ಕೊಡುವ ಸೀನಿಯರ್ ಸಿಸ್ಟರ್ ಒಬ್ಬರು ತಮ್ಮ ಸರದಿ ಬಂದಾಗ ಕಣ್ಣು ಮುಚ್ಚಿ ಪಕ್ಕದವರ ಸೆರಗು ಹಿಡಿದುಕೊಂಡದ್ದನ್ನು ನಾನೇ ನೋಡಿದ್ದೇನೆ. ಈ ಕಡೆಯವರಿಗೆ ಇನ್ನೊಂದು ನೆನಪೂ ಇದೆ, ಮಂಗನ ಕಾಯಿಲೆಯ ಲಸಿಕೆ. ಅದು ವಿಪರೀತ ನೋಯುತ್ತಿತ್ತು, ಒಂದಲ್ಲ, ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು. ಹಾಕಿಸಿಕೊಂಡವರಿಗೂ ಕಾಯಿಲೆ ಬಂತು, ಕಡೆಗೆ 2022ರಲ್ಲಿ ನಿಲ್ಲಿಸಿದರು. ಇದನ್ನೆಲ್ಲ ಕಂಡ ಜನ ಇನ್ನೊಂದು ಸೂಜಿ ಅಂದಾಗ ಹುಬ್ಬು ಗಂಟಿಕ್ಕಿದರೆ ಅದು ದಡ್ಡತನ ಅಲ್ಲ. ಫ್ಲೂ ಲಸಿಕೆ ವರ್ಷಕ್ಕೆ ಒಂದೇ ಡೋಸ್, ಅರ್ಧ ಎಂ.ಎಲ್., ನೋವು ತೀರ ಕಡಿಮೆ ಎಂದು ಮಾತ್ರ ಹೇಳುತ್ತೇನೆ.

ಕಡ್ಡಾಯ ಮಾಡಿಬಿಡಿ ಎಂದು ಕೆಲವರು ನನಗೆ ಹೇಳಿದ್ದಾರೆ. ಅಮೆರಿಕದ ಸಿಯಾಟಲ್ ನಗರದಲ್ಲಿ ವರ್ಜೀನಿಯಾ ಮೇಸನ್ ಎಂಬ ಆಸ್ಪತ್ರೆ 2005ರಲ್ಲಿ ಹಾಗೇ ಮಾಡಿತು. ಅಲ್ಲಿಯವರೆಗೆ ಅರ್ಧದಷ್ಟು ಜನ ಹಾಕಿಸಿಕೊಳ್ಳುತ್ತಿದ್ದರು, ಕಡ್ಡಾಯ ಮಾಡಿದ ಮೊದಲ ವರ್ಷವೇ ನೂರಕ್ಕೆ 97.6. ನರ್ಸುಗಳ ಸಂಘ ವಿರೋಧಿಸಿ ವಿಷಯ ಕೋರ್ಟಿನವರೆಗೂ ಹೋಯಿತು, ಅದು ಬೇರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2012ರಿಂದ "ಲಸಿಕೆ ಇಲ್ಲವೇ ಮಾಸ್ಕ್" ಎಂಬ ನಿಯಮ ತಂದರು, ವರ್ಷಗಟ್ಟಲೆ ಜಗಳ ನಡೆದು 2019ರಲ್ಲಿ ಕೈಬಿಟ್ಟರು. ಇಲ್ಲಿ ಕಡ್ಡಾಯ ಮಾಡಿದರೆ ಯಾರ ಕುತ್ತಿಗೆಗೆ ಬರುತ್ತದೆ? ಡಾಕ್ಟರ ಕುತ್ತಿಗೆಗಲ್ಲ. ಕಾಂಟ್ರ್ಯಾಕ್ಟ್ ಮೇಲೆ ನೆಲ ಒರೆಸುವ ಹೆಂಗಸಿನ ಕುತ್ತಿಗೆಗೆ. ಅದಕ್ಕೆ ನಾನು ಒಪ್ಪುವುದಿಲ್ಲ.

ಮತ್ತೆ, ನನ್ನ ಅನುಭವದಲ್ಲಿ ಲಸಿಕೆ ಬೇಡ ಅನ್ನುವವರಿಗಿಂತ ಲಸಿಕೆ ಸಿಗದವರೇ ಜಾಸ್ತಿ. ನಾನಿದ್ದ ಇನ್ನೊಂದು ಆಸ್ಪತ್ರೆಯಲ್ಲಿ ನೋಟಿಸ್ ಬೋರ್ಡಿಗೆ ಚೀಟಿ ಹಾಕಿದ್ದರು: "ಫ್ಲೂ ಲಸಿಕೆ, ಬೆಳಿಗ್ಗೆ 10ರಿಂದ 1, ಎರಡನೇ ಮಹಡಿ." ಬಂದವರು ಆಫೀಸಿನವರು, ನಾಲ್ಕು ಜನ ಡಾಕ್ಟರು. ಆ ಹೊತ್ತಿನಲ್ಲಿ ನೈಟ್ ಶಿಫ್ಟಿನವರು ಮನೆಯಲ್ಲಿ ಮಲಗಿದ್ದರು. ಆಪರೇಷನ್ ಥಿಯೇಟರಿನವರು ಥಿಯೇಟರಿನಲ್ಲಿದ್ದರು. ಲಾಂಡ್ರಿಯವರ ಹೆಸರು ಪಟ್ಟಿಯಲ್ಲೇ ಇರಲಿಲ್ಲ, ಅವರು ಏಜೆನ್ಸಿಯವರಂತೆ. ರೋಗಿಯ ಮಂಚದ ಬೆಡ್‌ಶೀಟ್ ಕೊಡವುವವರು, ಕಫ ತುಂಬಿದ ಬಟ್ಟಲು ತೊಳೆಯುವವರು, ಊಟದ ತಟ್ಟೆ ಇಡುವವರು, ಎಕ್ಸ್‌ರೇಗೆ ಸ್ಟ್ರೆಚರ್ ತಳ್ಳುವವರು. ಇವರಷ್ಟು ಹತ್ತಿರ ನಾನು ರೌಂಡ್ಸಿನಲ್ಲಿ ಹೋಗುವುದೇ ಇಲ್ಲ. ಹೊರಗೆ ಇದೇ ಲಸಿಕೆಗೆ ಸಾವಿರ ರೂಪಾಯಿಗಿಂತ ಜಾಸ್ತಿ ಕೊಡಬೇಕು, ಅವರ ಎರಡು ಮೂರು ದಿನದ ದುಡಿಮೆ.

ಆಮೇಲೆ ಅಲ್ಲಿಯ ಸ್ಟೋರ್ ಕೀಪರ್ ಒಬ್ಬರೇ ದಾರಿ ತೋರಿಸಿದ್ದು. "ಸಾರ್, ಬೆಳಿಗ್ಗೆ ಹ್ಯಾಂಡೋವರ್ ಹೊತ್ತಿಗೆ ಎರಡೂ ಶಿಫ್ಟಿನವರು ಒಂದೇ ಜಾಗದಲ್ಲಿ ಇರ್ತಾರಲ್ಲ, ಅಲ್ಲಿಗೇ ತಗೊಂಡು ಹೋಗಿ." ಡ್ರೆಸ್ಸಿಂಗ್ ಟ್ರಾಲಿಯ ಮೇಲೆ ವ್ಯಾಕ್ಸಿನ್ ಕ್ಯಾರಿಯರ್, ಸ್ವಲ್ಪ ಕರಗಲು ಬಿಟ್ಟ ಐಸ್‌ಪ್ಯಾಕ್, ಒಳಗೆ ಎರಡರಿಂದ ಎಂಟು ಡಿಗ್ರಿ. ಜೊತೆಗೆ ಒಂದು ರಿಜಿಸ್ಟರ್, ತೀವ್ರ ಅಲರ್ಜಿಯಾದರೆ ಬೇಕಾಗುವ ಅನಫೈಲ್ಯಾಕ್ಸಿಸ್ ಕಿಟ್, ಒಂದು ಡಬ್ಬಿ ಚಿಕ್ಕಿ. ಚಿಕ್ಕಿ ಯಾಕೆ ಎಂದು ಕೇಳಬೇಡಿ, ಅದು ಕೆಲಸ ಮಾಡಿತು. ಮೊದಲ ತೋಳು ನರ್ಸುಗಳ ಮುಖ್ಯಸ್ಥೆ ಮೆಟ್ರನ್ ಅವರದ್ದು, ಎಲ್ಲರ ಎದುರಿಗೆ.

ಉಳಿದದ್ದು ನಿಮಗೆ ಗೊತ್ತಿರುವುದೇ, ಬೇಗ ಹೇಳಿ ಮುಗಿಸುತ್ತೇನೆ. ಕೆಮ್ಮುವ ರೋಗಿ ಒಪಿಡಿ ಚೀಟಿ ಮಾಡಿಸುವ ಕಿಟಕಿಯಲ್ಲೇ ಅವರ ಕೈಗೆ ಒಂದು ಮಾಸ್ಕ್ ಕೊಡಿ, ಡಾಕ್ಟರ ಕೋಣೆಯವರೆಗೆ ಕಾಯಬೇಡಿ. ಸ್ಟೀಲಿನ ಮೇಲೆ, ಪ್ಲಾಸ್ಟಿಕ್ಕಿನ ಮೇಲೆ ಈ ವೈರಸ್ ಒಂದೆರಡು ದಿನ ಇರಬಲ್ಲದು, ಹಾಗಾಗಿ ಮಂಚದ ಕಂಬಿ, ಬಾಗಿಲ ಹಿಡಿ ಒರೆಸಿ. ರೋಗಿಯಿಂದ ರೋಗಿಗೆ ಹೋಗುವಾಗ ಕೈ ತೊಳೆಯಿರಿ.

ಕಿಟಕಿಯ ಬಗ್ಗೆ ಮಾತ್ರ ಒಂದು ಕಥೆ. 1977ರಲ್ಲಿ ಅಲಾಸ್ಕಾದಲ್ಲಿ ಒಂದು ವಿಮಾನ ಕೆಟ್ಟು ನಿಂತಿತು. ಒಳಗೆ 54 ಜನ. ಗಾಳಿಯಾಡಿಸುವ ಯಂತ್ರ ಬಂದ್. ಒಬ್ಬರಿಗೆ ಫ್ಲೂ ಇತ್ತು, ಕೆಮ್ಮುತ್ತಿದ್ದರು. ಕೆಲವೇ ಗಂಟೆ ಅಷ್ಟೇ. ಮೂರು ದಿನದೊಳಗೆ ನೂರಕ್ಕೆ 72 ಜನ ಮಲಗಿದರು. ಜುಲೈಯಲ್ಲಿ ನಿಮ್ಮ ಗಂಡಸರ ವಾರ್ಡಿಗೆ ಬಂದು ನೋಡಿದ್ದೇನೆ. ಇರಚಲು ಹೊಡೆಯುತ್ತದೆ ಎಂದು ಗಾಳಿ ಬರುವ ಕಡೆಯ ಕಿಟಕಿಯನ್ನೆಲ್ಲ ಮುಚ್ಚಿ, ಸಂದಿಗೆ ರಟ್ಟು ತುರುಕಿರುತ್ತಾರೆ. ಮಳೆ ಹೊಡೆಯದ ಬದಿಯದ್ದನ್ನಾದರೂ ತೆರೆದಿಡಿ, ಮೇಲಿನ ಎಕ್ಸಾಸ್ಟ್ ಫ್ಯಾನಿನಲ್ಲಿ ಗೂಡು ಕಟ್ಟಿದ ಗುಬ್ಬಿಗೆ ಬೇರೆ ಜಾಗ ನೋಡಿ.

ಜ್ವರ, ಕೆಮ್ಮು ಬಂದ ಸಿಬ್ಬಂದಿಯನ್ನು ಮನೆಗೆ ಕಳಿಸುವ ವಿಷಯ. ಜ್ವರದ ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬಾರದೇ ಇದ್ದರೆ ಮಾತ್ರ ವಾಪಸ್ ಬನ್ನಿ. ಬಿಪಿ, ಶುಗರ್, ಅಸ್ತಮಾ ಇದ್ದವರು ಓಸೆಲ್ಟಾಮಿವಿರ್ ಎಂಬ ಫ್ಲೂ ಔಷಧ ಬೇಕಾ ಎಂದು ಮೊದಲ 48 ಗಂಟೆಯೊಳಗೇ ಕೇಳಿ, ಆಮೇಲೆ ಅದರ ಉಪಯೋಗ ಕಡಿಮೆ. ಕಾಂಟ್ರ್ಯಾಕ್ಟ್ ಸಿಬ್ಬಂದಿಗೆ ಫ್ಲೂ ದಿನಗಳ ಸಂಬಳ ಕಟ್ ಮಾಡಬಾರದು ಎಂದು ನಾನು ಮತ್ತು ನಿಮ್ಮ ಮೆಟ್ರನ್ ಸೇರಿ ಅರ್ಜಿ ಬರೆದಿದ್ದೇವೆ. ಇನ್ನೂ ಸಹಿಯಾಗಿಲ್ಲ. ಅದು ಸಹಿಯಾಗುವವರೆಗೆ ಆಯಾಗಳಿಗೆ "ಜ್ವರ ಬಂದರೆ ಬರಬೇಡಿ" ಎಂದು ಹೇಳಲು ನನಗೆ ಬಾಯಿಲ್ಲ.

ನಾಳೆ ಬೆಳಿಗ್ಗೆ ಏಳೂಮುಕ್ಕಾಲಿಗೆ ಟ್ರಾಲಿ ಹೊರಡುತ್ತದೆ. ಮೊದಲು ಹಿಂದುಗಡೆ ಲಾಂಡ್ರಿಗೆ, ಆಮೇಲೆ ಅಡುಗೆಮನೆ, ಆಂಬುಲೆನ್ಸ್ ಶೆಡ್ಡು, ಹೆರಿಗೆ ವಾರ್ಡು. ಡಾಕ್ಟರ ಕೋಣೆಗೆ ಕೊನೆಯಲ್ಲಿ. ಅಷ್ಟು ಹೊತ್ತಿಗೆ ಚಿಕ್ಕಿ ಮುಗಿದಿದ್ದರೆ ನನ್ನನ್ನು ಕೇಳಬೇಡಿ.